ಗ್ಲೌಸಿನ ನೀಲಿ ತುದಿ

ಮಂಗಳವಾರ, ಇಪ್ಪತ್ತೆರಡನೇ ತಾರೀಖು.

ಅಮ್ಮನ ದಿನಚರಿ ಪುಸ್ತಕ ಕದ್ದು ಓದುವ ಮಗರಾಯ, ನಾಚಿಕೆ ಇಲ್ಲವೇನೋ ನಿನಗೆ? ಓದುವುದಾದರೆ ಪೂರ್ತಿ ಓದು.

ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಇವತ್ತು ನಿನ್ನ ಹೆಂಡತಿಯ ನೀಲಿ ಗ್ಲೌಸಿನ ಬೆರಳ ತುದಿ ಹರಿದು ಮಾಂಸದೊಳಗೆ ಬಿತ್ತು. ಅವಳೇ ಕೂಗಿ ಮಾಂಸ ಸಾಗುವ ಬೆಲ್ಟು ನಿಲ್ಲಿಸಿದಳು. ತುದಿ ಸಿಗಲಿಲ್ಲ, ರಾಶಿಯನ್ನೆಲ್ಲ ಎಸೆದರು. ತಿಂಗಳು ಮುಗಿಯುವವರೆಗೆ ಬರಬೇಡ ಎಂದನಂತೆ ಮೇಸ್ತ್ರಿ. ಆಮೇಲಾದರೂ ಕರೆಯುತ್ತಾನೋ ಇಲ್ಲವೋ.

"ಬಾಯಿ ಮುಚ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದು ರೇಗಿದೆ ನೀನು.

"ಅದನ್ನ ತಿನ್ನೋ ಮಗುವಿನ ಗಂಟಲಿಗೆ ಗೊತ್ತಾಗ್ತಿತ್ತು," ಎಂದಳು, ತಲೆ ಎತ್ತದೆ.

ಉಣ್ಣದೆ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಕಾರ್ಖಾನೆಯ ಥಂಡಿ ಕೋಣೆಯಲ್ಲಿ ಮರಗಟ್ಟಿದ ಬೆರಳು ಇನ್ನೂ ಬೆಚ್ಚಗಾಗಿಲ್ಲ, ಪಾಪ.

ಆ ತುದಿ ನಿನ್ನ ತಟ್ಟೆಗೇ ಬಂದಿದ್ದರೆ ಏನನ್ನುತ್ತಿದ್ದೆ? ಪೆನ್ನು ಇಲ್ಲೇ ಇಟ್ಟಿದ್ದೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಕೆಳಗೆ ಉತ್ತರ ಬರೆ.