ನಾಗಪ್ಪನಿಲ್ಲದ ಹುತ್ತ

ಜುಲೈ 12, ಶನಿವಾರ. ಬೆಳಗ್ಗೆ 11

ಕಾಡಿನ ಮೂರನೇ ದಾರಿಯ ಗಸ್ತು ಮುಗಿಸಿ ಬಂದೆ. ಬೆಂಚಿನ ಹತ್ತಿರ ಒಂದು ಮರ ಅಡ್ಡ ಬಿದ್ದಿದೆ, ಗೇಟಿನ ಪುಸ್ತಕದಲ್ಲಿ ಬರೆದಿಟ್ಟೆ. ಇಡೀ ಕಾಡು ಈ ತುದಿಯಿಂದ ಆ ತುದಿಗೆ ನಲವತ್ತು ನಿಮಿಷ. ಆದರೂ ಏನು ಚೆಂದ! ಕಾಲ ಕೆಳಗೆ ಪೈನ್ ಸೂಜಿ, ಮರಗಳ ಸಂದಿಯಲ್ಲಿ ಸಮುದ್ರ.

ಸ್ವಯಂಸೇವಕಿಯಾಗಿ ನನ್ನ ಮೂರು ತಿಂಗಳ ಟ್ರಯಲ್ ಆಗಸ್ಟ್ ಎರಡಕ್ಕೆ ಮುಗಿಯುತ್ತದೆ. ಕಾಡು ನೋಡಿಕೊಳ್ಳುವ ಯಾನ್ಸೆನ್ ಒಪ್ಪಿದರೆ ನಾಲ್ಕನೇ ದಾರಿಯ ಕೀಲಿಕೈ ನನ್ನದು. ಅದು ಜನರಿಗೆ ಮುಚ್ಚಿದ ದಾರಿ. ತುದಿಯ ಮಣ್ಣಿನ ದಿಬ್ಬದಲ್ಲಿ ನೂರಾರು ಹಕ್ಕಿಗಳು ತೂತು ಕೊರೆದು ಗೂಡು ಮಾಡುತ್ತವಂತೆ.

ಜರ್ಮನರ ಈ ದೇಶಕ್ಕೆ ಬಂದು ಆರು ವರ್ಷ. ಫೊಯರ್‌ಬಾಕ್ ಊರಿನಲ್ಲಿ ನಾಲ್ಕು, ಗಂಡ ಚೇತನನ ಹೊಸ ಕೆಲಸದ ಬೆನ್ನು ಹತ್ತಿ ಇಲ್ಲಿ ಎರಡು. ಎಲ್ಲಾ ಫಾರ್ಮಿನಲ್ಲೂ ‘ಚೇತನಕುಮಾರನ ಹೆಂಡತಿ’. ಗೇಟಿನ ಪುಸ್ತಕದಲ್ಲಿ ಮಾತ್ರ ‘ಕೀರ್ತಿ, ಮೂರನೇ ದಾರಿ’. ಆ ಕೀಲಿಕೈ ನನಗೆ ಬೇಕು. ಬೇಕೇ ಬೇಕು.

ಜುಲೈ 19, ಶನಿವಾರ

ಅವ್ವ ಬಂದು ಎರಡು ದಿನ. ಇಳಕಲ್ಲಿನಿಂದ ಸೂಟ್‌ಕೇಸ್ ತುಂಬ ಎಳ್ಳುಂಡಿ, ಶೇಂಗಾ ಚಟ್ನಿ, ಪಂಚಮಿಗೆಂದು ಹುರಿದು ಅರಳಿಸಿದ ಜೋಳದ ಅಳ್ಳು. ಇವತ್ತು ಕಾಡಿಗೆ ಕರೆದೊಯ್ದೆ. ಇಳಕಲ್ ಸೀರೆ, ನನ್ನ ಹಳೇ ಸ್ಪೋರ್ಟ್ಸ್ ಶೂ, ತಲೆಗೆ ಚೇತನನ ಟೋಪಿ. ಎದುರಾದ ನಾಯಿಗೂ ನಮಸ್ಕಾರ, ಅದರ ಮಾಲೀಕರಿಗೂ ನಮಸ್ಕಾರ. ದೂರದಲ್ಲಿ ಯಾನ್ಸೆನ್ ಟೋಪಿ ಎತ್ತಿದರು. ಯಾರೆಂದು ಕೇಳಿದಳು. ಎಪ್ಪತ್ತು ದಾಟಿದರೂ ಸಂಬಳವಿಲ್ಲದೆ ಕಾಡು ಕಾಯುತ್ತಾರೆ ಅಂದೆ. ಪುಣ್ಯವಂತ ಅಂದಳು.

ಪ್ರತಿ ಮರದ ಕೊಂಬೆ ನೋಡುತ್ತಿದ್ದಳು — ಪಂಚಮಿಗೆ ಜೋಕಾಲಿ ಕಟ್ಟಲು! ಕಾಡಿನ ನಿಯಮದ ಬೋರ್ಡು ತೋರಿಸಿ, ಇಲ್ಲಿ ಹಗ್ಗ ಕಟ್ಟಿದರೆ ನನ್ನ ಕಥೆ ಮುಗಿಯಿತು ಎಂದು ಹೇಳಿ ಆಣೆ ಮಾಡಿಸಿಕೊಂಡೆ. ಆಮೇಲೆ ಸೊಂಟದೆತ್ತರದ ಇರುವೆ ಗೂಡಿನ ಮುಂದೆ ಬಹಳ ಹೊತ್ತು ನಿಂತಳು. ಇಷ್ಟವಾಯಿತೇನೋ.

ಜುಲೈ 29, ಮಂಗಳವಾರ. ಸಂಜೆ 4

ನಗು ಬರುತ್ತಿದೆ. ಅಳುವೂ.

ಇವತ್ತು ಪಂಚಮಿ. ಬೆಳಗ್ಗೆ ಜರ್ಮನ್ ಕ್ಲಾಸು ಮುಗಿಸಿ ಬಂದರೆ ಅವ್ವ ಮನೆಯಲ್ಲಿಲ್ಲ. ಫ್ರಿಜ್ಜಿನಲ್ಲಿ ಹಾಲೂ ಇಲ್ಲ. ಕಾಡಿಗೆ ಓಡಿದೆ.

ಇರುವೆ ಗೂಡಿಗೆ ಅರಿಶಿನ, ಕುಂಕುಮ, ಅಳ್ಳು. ಮುಂದೆ ಅವ್ವ, ಬರಿಗಾಲು, ಕೈಯಲ್ಲಿ ಗಿಂಡಿ. ‘ನಮ್ಮ ಮನಿಯವರ ಪಾಲು, ಕೀರ್ತಿ ಪಾಲು, ಚೇತನನ ಪಾಲು...’ ಒಂದೊಂದು ಹೆಸರಿಗೆ ಒಂದೊಂದು ಧಾರೆ. ನಿಲ್ಲಿಸಬೇಕಿತ್ತು. ಆದರೆ ಅಣ್ಣ ಸುನಿಲನ ಪಾಲು ಇನ್ನೂ ಬಾಕಿಯಿತ್ತು! ಪಂಚಮಿ ದಿನ ಅಣ್ಣನ ಪಾಲು ತಪ್ಪಿಸುವುದುಂಟೇ? ಬಾಯಿ ಮುಚ್ಚಿ ನಿಂತೆ. ಕೊನೆಯದೊಂದು ಹೆಸರು ಕೇಳಿಸಲೇ ಇಲ್ಲ, ಇರುವೆಗಳು ನನ್ನ ಕಾಲು ಹತ್ತಿ ಕಚ್ಚತೊಡಗಿದ್ದವು.

ಇದು ಹುತ್ತವಲ್ಲ, ಒಳಗೆ ಹಾವಿಲ್ಲ ಅಂದೆ.

“ನಾಗಪ್ಪ ಇಲ್ಲಂದ್ರ ಇಷ್ಟು ಚಂದ ಯಾರು ಕಟ್ಯಾರ?”

“ಇರುವಿ, ಅವ್ವಾ.”

ಗಿಂಡಿಯ ಕೊನೆಯ ಹನಿ ಕೊಡವಿದಳು. “ಇರಲಿ ಬಿಡು. ಅವಕ್ಕೂ ಹಬ್ಬ ಆತು.”

ಈ ಗೂಡು ಮುಟ್ಟುವುದೇ ಅಪರಾಧ. ಯಾನ್ಸೆನ್ ಹನ್ನೊಂದು ವರ್ಷದಿಂದ ಇದರ ಎತ್ತರ ಅಳೆದು ಬರೆಯುತ್ತಿದ್ದಾರೆ. ಒಂದು ಬದಿ ತೊಯ್ದು ಕುಸಿದಿದೆ. ಯಾರೂ ನೋಡಿಲ್ಲ. ರಾತ್ರಿ ಮಳೆ ಬಂದರೆ ಮಳೆಯ ಮೇಲೆ ಹಾಕಬಹುದು.

ಗೇಟಿನ ಪುಸ್ತಕ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ಹನ್ನೆರಡು ವಾರ ಬಿಯರ್ ಬಾಟಲಿ ಬಿಸಾಕಿದವರನ್ನೆಲ್ಲ ಬರೆದವಳು ಇದೊಂದನ್ನು ಹೇಗೆ ಬಿಡಲಿ? ಬರೆದೆ: ‘ಇರುವೆ ಗೂಡಿನ ಮೇಲೆ ಒಂದು ಲೀಟರ್ ಹಾಲು, ಜೋಳದ ಅಳ್ಳು. ಸುರಿದವರು ನನ್ನ ತಾಯಿ. ತಡೆಯದೆ ನಿಂತವಳು ನಾನು.’ ಸಹಿ ಹಾಕಿದೆ.

ಕೀಲಿಕೈ ಹೋಯಿತು.

ಜುಲೈ 30, ಬುಧವಾರ

ಯಾನ್ಸೆನ್ ಗೂಡಿನ ಹತ್ತಿರ ಬರಹೇಳಿದರು. ಅಳತೆಗೋಲು ತಂದಿದ್ದರು. ಒಂದು ಗೇಣು ಕಡಿಮೆ. ಇರುವೆಗಳು ಗೂಡು ಬಿಟ್ಟು ಹೋಗಬಹುದು ಅಂದರು. ಟ್ರಯಲ್ ಒಂದು ವಾರ ಮುಂದಕ್ಕೆ, ಒಂಬತ್ತನೇ ತಾರೀಕು ಮತ್ತೆ ಅಳೆಯುತ್ತಾರೆ. ಇರುವೆಗಳು ರಿಪೇರಿ ಮಾಡಿಕೊಂಡಿದ್ದರೆ ಕೀಲಿಕೈ ಮಾತು, ಇಲ್ಲದಿದ್ದರೆ ಇಲ್ಲ.

ಹಾಲು ಯಾಕೆ ಎಂದು ಕೇಳಿದರು. ಪ್ರೀತಿಯವರ ಹೆಸರು ಹೇಳಿ ಅವರವರ ಪಾಲು ಎರೆಯುವುದು ಎಂದು ವಿವರಿಸಿದೆ. ನನ್ನ ಜರ್ಮನ್‌ನಲ್ಲಿ ಅದು ಹಾಲಿನ ಡೇರಿ ಲೆಕ್ಕದಂತೆ ಕೇಳಿಸಿತು. ಜೊತೆಗೆ ಬಂದಿದ್ದ ಅವ್ವ ಎಳ್ಳುಂಡಿ ಕೊಟ್ಟಳು. ತಿಂದರು. ಮುಖ ಮಾತ್ರ ಸಡಿಲಿಸಲಿಲ್ಲ.

ಆಗಸ್ಟ್ 4, ಸೋಮವಾರ. ಬೆಳಗ್ಗೆ 7

ದಿನಾ ಹೋಗುತ್ತಿದ್ದೇವೆ. ಅವ್ವ ದೂರದಲ್ಲಿ ನಿಂತು ಇರುವೆಗಳನ್ನು ಕೂಲಿಯಾಳುಗಳ ಹಾಗೆ ಗದರಿಸುತ್ತಾಳೆ — ಲಗೂ ಲಗೂ, ನನ್ನ ಮಗಳ ಮಾನದ ಪ್ರಶ್ನೆ ಐತಿ. ಕೆಲಸ ಮಾಡುತ್ತಿವೆ! ಒಂದೊಂದೂ ಒಂದೊಂದು ಪೈನ್ ಸೂಜಿ. ನಾಲ್ಕು ಇರುವೆ ಸೇರಿ ಒಂದು ಅಳ್ಳು ಹೊತ್ತು ಒಳಗೆ ಹೋದವು. ಅವ್ವ ಚಪ್ಪಾಳೆ ತಟ್ಟಿದಳು. ನಾನೂ.

ಆಗಸ್ಟ್ 9, ಶನಿವಾರ

ಅಳೆದರು. ಮತ್ತೊಮ್ಮೆ ಅಳೆದರು. ಕುಸಿಯುವ ಮೊದಲಿಗಿಂತ ಎರಡು ಬೆರಳು ಹೆಚ್ಚು!!

ಜೇಬಿನಿಂದ ಕೀಲಿಕೈ ತೆಗೆದರು. ಕೊಡಲಿಲ್ಲ. ಮುಂದಿನ ಹಬ್ಬಕ್ಕೆ ಹಾಲು ಮನೆಯಲ್ಲೇ ಎರೆಯಬೇಕು ಎಂದು ಅವ್ವನಿಗೆ ಹೇಳಿಸಿದರು. ಆಮೇಲೆ ಕೆಮ್ಮಿ, ಆವತ್ತಿನ ಹಾಲಿನಲ್ಲಿ ಯಾರ್ಯಾರ ಹೆಸರಿತ್ತು ಎಂದು ಕೇಳಿದರು. ಅವ್ವನಿಗೆ ಹೇಳಿದೆ. ಅವಳು ಬೆರಳು ಮಡಚಿ ಎಣಿಸಿದಳು, ನಾನು ಒಂದೊಂದೇ ಅನುವಾದ ಮಾಡಿದೆ. ಆಮೇಲೆ ಅವರ ಕಡೆ ತಿರುಗಿ ಹೇಳಿದಳು:

“ಕಡೀಕ ನಿಮ್ಮದೂ ಎರದೀನ್ರಿ. ಹೆಸರು ಗೊತ್ತಿರಲಿಲ್ಲ. ಅಡವಿ ಕಾಯೋ ಅಜ್ಜಾರ ಪಾಲು ಅಂದ್ನಿ.”

ನನಗೆ ಕೇಳಿಸದೆ ಹೋಗಿದ್ದ ಹೆಸರು. ಅದನ್ನೂ ಅನುವಾದಿಸಿದೆ. ಯಾನ್ಸೆನ್ ಸಮುದ್ರದ ಕಡೆ ತಿರುಗಿ ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, ಎಳ್ಳುಂಡಿ ಇನ್ನೂ ಇದೆಯೇ ಎಂದು ಕೇಳಿದರು.

ಆಗಸ್ಟ್ 10, ಭಾನುವಾರ. ಬೆಳಗ್ಗೆ 6.30

ನಾಲ್ಕನೇ ದಾರಿ, ಇವತ್ತು! ಅವ್ವನನ್ನೂ ಕರೆದೊಯ್ಯಲು ಒಪ್ಪಿಗೆ ಸಿಕ್ಕಿದೆ. ಬೀಗ ತುಕ್ಕು ಹಿಡಿದಿದೆಯಂತೆ, ಎರಡು ಸುತ್ತು ತಿರುಗಿಸಬೇಕು. ನಿನ್ನೆಯಿಂದ ಕೀಲಿಕೈ ಕೊರಳಲ್ಲೇ ಇದೆ, ತಾಳಿಗೆ ತಾಗಿ ಸದ್ದು ಮಾಡುತ್ತಿದೆ ಎಂದು ಚೇತನ ನಗುತ್ತಾನೆ. ನಗಲಿ.

ಅವ್ವ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ. ಹಕ್ಕಿಗಳನ್ನು ಬರಿಗೈಯಲ್ಲಿ ನೋಡಲು ಹೋಗಬಾರದಂತೆ. ಬರಿಗೈ ಅಂದರೆ? ಸೆರಗಿನಲ್ಲಿ ಏನೋ ಮುಚ್ಚಿಕೊಂಡಿದ್ದಾಳೆ. ಗಿಂಡಿಯ ಹಾಗಿದೆ. ಅಯ್ಯೋ, ಫ್ರಿಜ್ಜಿನ ಹಾಲು—