ಒಲೆ ಹಚ್ಚದ ದಿನದ ಮೆಂತೆ

ಮದರಾಸು, ಟಿ. ನಗರ
ಏಕಾದಶಿ

ಕಿಟ್ಟಣ್ಣನಿಗೆ ತಂಗಿ ತುಂಗಾಳ ನಮಸ್ಕಾರ.

ಇಂದು ಉಪವಾಸ. ದೇವರ ಪಾತ್ರೆ ಬೆಳಗಿ, ತುಳಸಿಗೆ ನೀರೆರೆದು ಬರೆಯಲು ಕೂತೆ.

ಭಾವನ ಮುಖಕ್ಕೆ ಕತ್ತಿ ಹಾಕಿಸಬೇಡ, ಊರಿಗೆ ಕರಕೊಂಡು ಬಾ ಎಂದು ಬರೆದಿದ್ದಿ. ದೊಡ್ಡಪ್ಪಯ್ಯನೂ ಮೂಗಿನ ಪಕ್ಕದ ಇದೇ ಕ್ಯಾನ್ಸರಿನಲ್ಲಿ, ಕತ್ತಿ ಹಾಕಿಸಿದ ಮೇಲೆ ಹೋದದ್ದು ನನಗೂ ನೆನಪಿದೆ. ಈಗ ಮೊದಲು ಕಿರಣ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಕೊಯ್ಯುತ್ತಾರೆ. "ಎರಡೂ ಮಾಡಿಸಿಕೊಂಡು ಎಷ್ಟೋ ಜನ ಮನೆಗೆ ನಡೆದು ಹೋಗಿದ್ದಾರಮ್ಮ" ಎಂದರು ಡಾಕ್ಟರು. ಕಿರಣ ಮುಗಿದಿದೆ.

ಹೋಟೆಲಿನ ಅಡುಗೆಯಲ್ಲೂ ಇವರು ನೈವೇದ್ಯಕ್ಕೆ ಮೊದಲು ಏನನ್ನೂ ನಾಲಿಗೆಗೆ ಇಟ್ಟವರಲ್ಲ. ಎಲ್ಲ ಮೂಗಿನಲ್ಲೇ ನೋಡುವವರು. ಆ ಮೂಗಿಗೆ ವರ್ಷದಿಂದ ವಾಸನೆಯೇ ತಿಳಿಯುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಮಲಗಿದಲ್ಲಿಂದಲೇ, "ಏಕಾದಶಿ ದಿನ ಮೆಂತೆ ಯಾಕೆ ಕರಕಲು ಮಾಡ್ತೀ ಮಾರಾಯ್ತಿ?" ಎಂದರು. ನಾನು ಒಲೆಯನ್ನೇ ಹಚ್ಚಿರಲಿಲ್ಲ. ಪಕ್ಕದ ತಮಿಳರ ಮನೆಗೆ ಓಡಿ ಕೇಳಿದೆ. ಆ ಅಮ್ಮ ನಾಚಿಕೊಂಡು ಬಾಣಲೆ ತೋರಿಸಿದರು.

ಆ ಧೈರ್ಯದಲ್ಲೇ ಆಪರೇಷನ್ನಿಗೆ ಒಪ್ಪಿಬಿಟ್ಟೆ, ಅಣ್ಣ. ಬರುವ ಸೋಮವಾರ. ನೀನು ಬಂದು ಪಕ್ಕದಲ್ಲಿ ನಿಲ್ಲು. ಬೈಯುವುದಿದ್ದರೆ ಆಮೇಲೆ ಬೈ. ಅತ್ತಿಗೆ ಒಣಗಿಸಿಟ್ಟ ಸುರಗಿ ಹೂವಿನ ಮಾಲೆ ಒಂದು ಬೇಕು. ಎಲ್ಲ ಮುಗಿದ ಮೇಲೆ ಇವರಿಗೆ ಮೂಸಬೇಕಂತೆ.

ಊರಿಗೆ ಬರುವ ಕಾಂತಪ್ಪನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಗುರುವಾರ ಅವನು ವಾಪಸು ಬರುವಾಗ ನಿನ್ನ ಉತ್ತರ ತರಲಿ. ನೀನೇ ಹೊರಟರೆ ಕಾಗದ ಬೇಡ.

ನಿನ್ನ ತಂಗಿ
ತುಂಗಾ