ಚಿಕ್ಕಮ್ಮನ ಇಮೇಲ್ ನುಂಗಿದ ಸರ್ವರಿನ ಒಡೆಯರಿಗೆ

ಅಖಿಲ ಇಮೇಲ್ ಮಂಡಲಾಧೀಶ್ವರರೂ, ಒಳಬರುವ ಹೊರಹೋಗುವ ಸಮಸ್ತ ಪತ್ರಗಳ ಹಣೆಬರಹಕ್ಕೆ ಒಡೆಯರೂ, ಕಸದ ಬುಟ್ಟಿಯ ಏಕಛತ್ರಾಧಿಪತಿಗಳೂ ಆದ ನಗರ ಇಮೇಲ್ ಸೇವಾ ಕಚೇರಿಯ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ನೀವು ನಮ್ಮ ಚಿಕ್ಕಮ್ಮನ ಪತ್ರಗಳನ್ನು ಸದ್ದಿಲ್ಲದೆ ಕಸಕ್ಕೆ ಹಾಕಿದಿರಿ. ಅದರಿಂದ ಆಕೆಯ ಕೆಲಸ ಹೋಯಿತು, ಸುಳ್ಳುಗಾತಿ ಎಂಬ ಹೆಸರು ಬಂತು. ದೂರು ಇಷ್ಟೇ. ಮುಂದಿನದೆಲ್ಲ ವಿವರ, ಹೊಟ್ಟೆಯುರಿ ಮತ್ತು ಉಳಿದಿರುವಷ್ಟು ಗೌರವ.

ನಾನು ನಿಮ್ಮ ವಿರೋಧಿಯಲ್ಲ, ಭಕ್ತನಾಗಿದ್ದವನು. ವ್ಯಾಪಾರಿಗಳ ಸಭೆಯಲ್ಲಿ ನೀವು ಸ್ಪ್ಯಾಮ್ ತಡೆಯುವ ಹೊಸ ಏರ್ಪಾಟನ್ನು ಬಣ್ಣಿಸಿದ ದಿನ ನೆನಪಿದೆಯೇ? ಯಾರ ಹೆಸರಿನ ಪತ್ರವನ್ನು ಯಾವ ಯಂತ್ರ ಕಳಿಸಬಹುದು ಎಂಬುದಕ್ಕೆ ಒಂದು ಪಟ್ಟಿ. ಪ್ರತಿ ಪತ್ರದ ಮೇಲೆ ದಾರಿಯಲ್ಲಿ ಯಾರೂ ತಿದ್ದಲಾಗದ ಮುದ್ರೆ. ಎರಡೂ ಇಲ್ಲದ ಪತ್ರಕ್ಕೆ ಬಾಗಿಲಲ್ಲೇ ಮೋಕ್ಷ. "ಇನ್ಮೇಲೆ ನಿಮ್ಮ ಹೆಸರು ಹಾಕ್ಕೊಂಡು ಬೇರೆ ಯಾರೂ ಬರೆಯೋಕಾಗಲ್ಲ" ಎಂದಿರಿ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಪಕ್ಕದಲ್ಲಿದ್ದ ಚಿಕ್ಕಮ್ಮ ಮಾತ್ರ ಪಿಸುಗುಟ್ಟಿದಳು: "ಇಷ್ಟೊಂದು ಬೀಗ ಹಾಕಿದ್ರೆ ನಾವೇ ಹೊರಗೆ ಉಳ್ಕೊಂಡ್ಬಿಟ್ರೆ ಏನೋ ಮಾಡೋದು?" ನಾನು, ಮೀಸೆ ಚಿಗುರುತ್ತಿರುವ ಮಹಾಪಂಡಿತ, "ಬೀಗ ಮಾಡಿದೋರಿಗೆ ಕೀಲಿ ಗೊತ್ತಿರಲ್ವಾ ಚಿಕ್ಕಮ್ಮ?" ಎಂದೆ. ಆಕೆ ಒಪ್ಪಿಕೊಂಡಳು. ನಿಮ್ಮ ಮಾತಿಗಲ್ಲ ಸ್ವಾಮಿ, ನನ್ನ ಮಾತಿಗೆ.

ಚಿಕ್ಕಮ್ಮ ಕೃತಕ ಹಲ್ಲು ಮಾಡುವವಳು. ಹಿಂದಿನ ಕೋಣೆಯ ಕಿಟಕಿಗೆ ಒತ್ತಿಟ್ಟ ಮೇಜು, ಮೇಣದ ಹಾಳೆ, ಪುಟ್ಟ ಗ್ಯಾಸ್ ದೀಪ, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಹೊಸಬರು ಒಳಗೆ ಬಂದರೆ ಬೀದಿಯವರೆಲ್ಲ ಸೇರಿ ತಮ್ಮನ್ನು ನೋಡಿ ನಗುತ್ತಿದ್ದಾರೆಂದು ಅಳುಕುತ್ತಾರೆ. ಬೀದಿ ಕೊನೆಯ ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಈಕೆ ಹಲ್ಲು ಕಟ್ಟಿಕೊಡುತ್ತಾಳೆ. ಇಬ್ಬರ ನಡುವೆ ಒಂದು ಕಟ್ಟಳೆಯಿದೆ: ಏನೇ ಇದ್ದರೂ ಬರಹದಲ್ಲಿ. ಕೊರೆಯುವ ಯಂತ್ರದ ಗದ್ದಲದ ನಡುವೆ ಫೋನಿನಲ್ಲಿ ಹಲ್ಲಿನ ಬಣ್ಣ ಹೇಳಿ, ಹಣ್ಣುಹಣ್ಣು ಮುದುಕರೊಬ್ಬರ ಬಾಯಿಗೆ ಸಿನಿಮಾ ನಟನ ಹಲ್ಲು ಸೇರಿದ ಮೇಲೆ ಮಾಡಿಕೊಂಡ ಒಪ್ಪಂದವದು. ಅನುಮಾನ ಬಂದರೆ ಚಿಕ್ಕಮ್ಮ ಇಮೇಲ್ ಹಾಕುತ್ತಾಳೆ. ಉತ್ತರ ಬಾರದೆ ಮೇಣ ಮುಟ್ಟುವುದಿಲ್ಲ.

ಈಚೆಗೆ ಒಬ್ಬ ನಿವೃತ್ತ ಮೇಷ್ಟ್ರ ಅಚ್ಚು ಬಂತು. ಮೇಲಿನ ದವಡೆಗೂ ಕೆಳಗಿನದಕ್ಕೂ ದಾಯಾದಿಗಳಷ್ಟೇ ಹೊಂದಾಣಿಕೆ. ಇನ್ನೊಮ್ಮೆ ಅಚ್ಚು ತೆಗೆಯಿರಿ ಎಂದು ಚಿಕ್ಕಮ್ಮ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಮೌನ. ಅತ್ತ ವೈದ್ಯರು ಹಲ್ಲಿಗೆ ಕಾದರು, ಇತ್ತ ಈಕೆ ಉತ್ತರಕ್ಕೆ ಕಾದಳು, ನಡುವೆ ಬೊಚ್ಚುಬಾಯಿಯ ಮೇಷ್ಟ್ರು ಇಬ್ಬರಿಗೂ ಶಾಪ ಹಾಕುತ್ತ ಕಾದರು. ಫೋನ್ ಮಾಡು ಎಂದರೆ, "ಓದೋಕೆ ಪುರುಸೊತ್ತಿಲ್ಲದೋರಿಗೆ ಕೇಳೋಕೆ ಇರತ್ತಾ?" ಎಂದಳು. ಕೊನೆಗೆ ವೈದ್ಯರೇ ಬಾಗಿಲಿಗೆ ಬಂದರು.

"ಕೆಲಸ ಬೇಡ ಅಂದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲಮ್ಮಾ."

"ಬರ್ದಿದ್ದೆ ಡಾಕ್ಟ್ರೇ. ಎರಡು ಸಲ."

"ನಂಗೊಂದೂ ಬಂದಿಲ್ಲ. ದಿನಾ ನೋಡ್ತೀನಿ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ಅವರು ಮೇಷ್ಟ್ರ ದವಡೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಈಗ ಅವರ ಕೆಲಸವೆಲ್ಲ ಬೇರೆಯವರ ಪಾಲು. ಚಿಕ್ಕಮ್ಮನಿಗೆ ಅದಕ್ಕಿಂತ ಆಳವಾಗಿ ನಾಟಿದ್ದು ಆ ಉತ್ತರಿಸದ ಕ್ಷಣ. ನನಗಂತೂ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನೆಮ್ಮದಿಯಿತ್ತು.

ನಾನು ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ, ದೊಡ್ಡವರ ಖಾಯಂ ವಿಳಾಸವೇ ಅದು. ಕೌಂಟರಿನ ತಂತ್ರಜ್ಞ ಪರದೆ ನೋಡಿ ದನಿ ತಗ್ಗಿಸಿದ: "ಪತ್ರ ಕಳಿಸೋಕೆ ಹೊಸ ಮಶೀನ್ ತಂದ್ವಲ್ಲ, ಅದನ್ನ ವ್ಯಾಪಾರಿಗಳ ಪಟ್ಟಿಗೆ ಸೇರಿಸೋದು ಬಿಟ್ಟೋಗಿದೆ. ಮುದ್ರೆನೂ ಬೀಳ್ತಿಲ್ಲ."

"ಅಂದ್ರೆ ನಿಮ್ಮ ಮಶೀನ್ ಕಳಿಸಿದ್ದನ್ನ ನಿಮ್ಮ ಬಾಗಿಲೇ ಕಳ್ಳಮಾಲು ಅಂತ ಎಸೀತಿದೆಯಾ?"

"ಒಂದು ಲೆಕ್ಕಕ್ಕೆ ಹೌದು."

"ಕಳಿಸಿದೋರಿಗೆ ತಿಳಿಸಲ್ವಾ?"

"ಸ್ಪ್ಯಾಮ್‌ನೋರಿಗೆ ಸುಳಿವು ಸಿಗತ್ತೆ, ಬೇಡ ಅಂದ್ರು ಸಾಹೇಬ್ರು."

"ನಿಮ್ಮ ಕಚೇರಿ ಪತ್ರಗಳು ಮಾತ್ರ ಸಲೀಸಾಗಿ ಬರ್ತಿವೆ?"

"ನಮ್ಮ ಹೆಸರಿನ ಪಟ್ಟಿಗೆ ಮೊದಲ ದಿನಾನೇ ಸೇರಿಸಿದ್ವಿ."

ಮಾನ್ಯರೇ, ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆವು. ಮೇಯುವಾಗ ತನ್ನ ಪಾಲಿನ ಗಿಡಗಳನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡದ್ದನ್ನು ಈಗ ಕಂಡೆವು. ಬಾಗಿಲು ಯಾರ್ಯಾರನ್ನು ತಳ್ಳುತ್ತಿದೆ ಎಂದು ಹೇಳುವ ವರದಿಗಳು ನಿಮಗೆ ದಿನವೂ ಬರುತ್ತವಂತೆ. ತೆರೆದು ಓದಿದವರು ಯಾರು? ಅತ್ತ "ನೋಡನೋಡುತ್ತ ಮುತ್ತಿನಂಥ ಹಲ್ಲು" ಎಂದು ಪುಡಿ ಮಾರುವವನ ಪತ್ರಗಳು ಸಕಲ ಮುದ್ರಾಲಂಕೃತವಾಗಿ ವೈದ್ಯರ ಪೆಟ್ಟಿಗೆ ಸೇರುತ್ತಲೇ ಇವೆ. ಅವನು ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಮುದ್ರೆ ಹೇಳುವುದು ಪತ್ರ ಯಾರದು ಎಂಬುದನ್ನು, ಬರೆದವನು ಎಂಥವನು ಎಂಬುದನ್ನಲ್ಲ. ಇದನ್ನು ಅಂದು ವೇದಿಕೆಯಲ್ಲಿ ಹೇಳಲು ಮರೆತಿರೋ, ಚಪ್ಪಾಳೆ ಕಡಿಮೆಯಾದೀತೆಂದು ಬಿಟ್ಟಿರೋ?

ನಡೆದದ್ದನ್ನು ನಾನೇ ಹೋಗಿ ವೈದ್ಯರಿಗೆ ಹೇಳಿದೆ. "ನಮ್ಮ ಕ್ಲಿನಿಕ್ಕಿಗೆ 'ಹಲ್ಲು ಬಾಡಿಗೆಗೆ ಸಿಗುತ್ತವೆ' ಅಂತ ಬೋರ್ಡ್ ತಗುಲಿಸಿದೋನು ನೀನೇ ಅಲ್ವಾ? ನಿನ್ನ ನಂಬ್ಲಾ? ಕಚೇರಿಯೋರು ಬರ್ಕೊಡ್ಲಿ, ನಾನೇ ಹೋಗಿ ನಿಮ್ಮ ಚಿಕ್ಕಮ್ಮನ ಹತ್ರ ತಪ್ಪಾಯ್ತು ಅಂತೀನಿ" ಎಂದರು. ಬೀದಿಯಲ್ಲಿ ನನ್ನ ಕೀರ್ತಿ ಅಂಥದು.

ಇಷ್ಟಾದರೂ ಏರ್ಪಾಟನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ಹೊಸ ಯಂತ್ರವನ್ನು ನಮ್ಮೆಲ್ಲರ ಪಟ್ಟಿಗೆ ಸೇರಿಸಿ, ಮುದ್ರೆ ಬೀಳುವಂತೆ ಮಾಡಿ, ತಳ್ಳಿದ ಪತ್ರವನ್ನು ಕಾರಣ ಸಮೇತ ಬರೆದವರಿಗೆ ಮರಳಿಸಿ. ಎಲ್ಲಕ್ಕಿಂತ ಮೊದಲು ದಂತವೈದ್ಯರಿಗೆ ಒಂದು ಸಾಲು ಬರೆಯಿರಿ: ಆಕೆ ಬರೆದದ್ದು ನಿಜ, ಎಸೆದದ್ದು ನಾವು.

ಇಂತಿ,
ಯಾವ ಪಟ್ಟಿಯಲ್ಲೂ ಇಲ್ಲದ, ಮುದ್ರೆ ಬೀಳದ,
ಹಲ್ಲು ಮಾಡುವವಳ ಅಕ್ಕನ ಮಗ

ಸಹಿಯಾದ ಮೇಲೆ ಒಂದು ಸಣ್ಣ ನಿಜ. ಆ ಒಂದು ಸಾಲಿಗೆ ಕಾಯುವ ತಾಳ್ಮೆಯಿಲ್ಲದೆ ನಿನ್ನೆ ನಾನೇ ಅದನ್ನು ಬರೆದು, ನಿಮ್ಮ ಹೆಸರು ಹಾಕಿ, ಬೇರೊಂದು ಯಂತ್ರದಿಂದ ವೈದ್ಯರಿಗೆ ಕಳಿಸಿದೆ. ಹಲ್ಲುನೋವಿನ ನೆಪದಲ್ಲಿ ಅವರ ಪರದೆಯ ಪಕ್ಕದಲ್ಲೇ ಕುಳಿತು ಕಾದೆ. ಬರಲಿಲ್ಲ. ನಿಮ್ಮ ಬಾಗಿಲು ಹಿಡಿಯಬೇಕಾದವನನ್ನು ಸರಿಯಾಗಿಯೇ ಹಿಡಿಯುತ್ತದೆ. ಪತ್ರ ನಿಮ್ಮ ಬುಟ್ಟಿಯಲ್ಲಿರಬೇಕು, ತೆಗೆದು ನೋಡಿ. ನಿಮ್ಮ ಪರವಾಗಿ ಚೆನ್ನಾಗಿಯೇ ಕ್ಷಮೆ ಕೇಳಿದ್ದೇನೆ.